ಸಾಕವ್ವನ ನುಸಿ

"ಅಜ್ಜನವರೇ, ಇದ್ದದ್ದನ್ನು ಇದ್ದ ಹಾಗೆ ಹೇಳುವವನು ಯಾರಿಗಾದರೂ ಹೆದರಬೇಕೆ?"

ಹೀಗೆ ಕೇಳಿದವನು ಗುರುಪಾದ, ಮಠದ ಹಿರಿಯ ಶಿಷ್ಯ. ಹೊಸದಾಗಿ ಸೇರಿದ ಸಂಗಯ್ಯನನ್ನು ತಿದ್ದಿ ತೀಡುವ ಕೆಲಸವನ್ನು ಅವನಿಗೆ ವಹಿಸಿದ್ದರು. ಸಂಗಯ್ಯನನ್ನು ಉಳಿಸಿಕೊಳ್ಳುವುದೋ ಕಳಿಸಿಬಿಡುವುದೋ ಎಂದು ಮರುದಿನ ಹಿರಿಯರೆಲ್ಲ ಕೂತು ತೀರ್ಮಾನಿಸುವವರಿದ್ದರು. ಗುರುಪಾದ ಏನು ಹೇಳುತ್ತಾನೋ ಅದೇ ಆಗುವುದೆಂದು ಎಲ್ಲರಿಗೂ ಗೊತ್ತಿತ್ತು.

ಮಠದ ಹಿರಿಯ ಸ್ವಾಮಿಗಳಾದ ಅಜ್ಜನವರು ವಿಭೂತಿಯ ಉಂಡೆ ಕಟ್ಟುತ್ತ ಕೂತಿದ್ದರು. ತಲೆಯೆತ್ತದೆ, ನಾಳೆ ಏನು ಹೇಳಬೇಕೆಂದಿದ್ದೀಯ ಎಂದು ಕೇಳಿದರು.

ಸಂಗಯ್ಯನಲ್ಲಿ ಭಕ್ತಿ ಇಲ್ಲ ಎಂದು ಹೇಳುತ್ತೇನೆ ಎಂದ ಗುರುಪಾದ. ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡಿದ್ದೇನೆ ಎಂದ. ಪೂಜೆಯ ಹೊತ್ತಿನಲ್ಲಿ ಅವನ ಮುಖದಲ್ಲಿ ಏನೂ ಕಾಣುವುದಿಲ್ಲ. ಬಂದ ಹೊಸದರಲ್ಲಿ ತನ್ನಷ್ಟಕ್ಕೆ ಏನೋ ಹಾಡಿಕೊಳ್ಳುತ್ತಿದ್ದ. ರಾಗವೂ ತಪ್ಪು, ಮಾತೂ ತಪ್ಪು, ಎಲ್ಲರೆದುರು ಗದರಿಸಿ ನಿಲ್ಲಿಸಬೇಕಾಯಿತು. ಈಗ ಭಜನೆಗೆ ಬಾಯಿಯೇ ತೆರೆಯುವುದಿಲ್ಲ. ಕಂಬದ ಹಾಗೆ ಕೂತಿರುತ್ತಾನೆ. ತಾನು ಕಂಡದ್ದಕ್ಕೆ ಒಂದು ಮಾತು ಸೇರಿಸುವುದೂ ಇಲ್ಲ, ಒಂದು ಮಾತು ಬಿಡುವುದೂ ಇಲ್ಲ ಎಂದ.

"ಹೆದರಬೇಕಾಗಿಲ್ಲ ಎಂದು ನನ್ನ ಬಾಯಲ್ಲಿ ಹೇಳಿಸಿಕೊಂಡು ಹೋಗಲು ಬಂದಿದ್ದೀಯ," ಎಂದರು ಅಜ್ಜನವರು. "ಕೂತುಕೋ. ಹೆದರಿದವನೊಬ್ಬನ ಕತೆ ಹೇಳುತ್ತೇನೆ."

ಒಂದು ಪಟ್ಟಣದಲ್ಲಿ ಒಬ್ಬ ಪಂಡಿತನಿದ್ದ. ಅವನ ವಿದ್ಯೆ ನುಸಿಗಳದ್ದು. ನಗಬೇಡ. ಅದೂ ಒಂದು ವಿದ್ಯೆಯೇ. ನುಸಿ ಎಂದರೆ ಧೂಳಿನ ಕಣದಷ್ಟು ಜೀವಿ, ಎಂಟು ಕಾಲು. ಮರದ ತೊಗಟೆಯಲ್ಲಿ, ಹಕ್ಕಿಯ ಗರಿಯಲ್ಲಿ, ಹಳೆಯ ಅಕ್ಕಿಯಲ್ಲಿ, ನೀನು ಮಲಗುವ ಚಾಪೆಯಲ್ಲಿ, ನನ್ನ ಈ ಗಡ್ಡದಲ್ಲಿ, ಎಲ್ಲೆಲ್ಲೂ ಇವೆ. ಹೆಸರಿರುವವು ಕೆಲವು, ಹೆಸರೇ ಇಲ್ಲದವು ಎಷ್ಟೋ. ಯಾರೂ ಕಾಣದ ನುಸಿಯನ್ನು ಹುಡುಕಿ ತಂದು, ಗಾಜಿನ ಪಟ್ಟಿಯ ಮೇಲೆ ಒಂದು ಹನಿ ಅಂಟಿನಲ್ಲಿ ಕೂರಿಸಿ, ಮೇಲೊಂದು ತೆಳುಗಾಜು ಮುಚ್ಚಿ, ಸೂಕ್ಷ್ಮದರ್ಶಕದಲ್ಲಿ ನೋಡುವುದು ಅವನ ಕೆಲಸ. ಮೈಮೇಲಿನ ಕೂದಲನ್ನು ಒಂದೊಂದಾಗಿ ಗುರುತಿಸುತ್ತಿದ್ದ. ಆ ವಿದ್ಯೆಯವರಿಗೆ ಕೂದಲೇ ಆಧಾರ. ಇಂಥ ಕಡೆ ಕೂದಲಿದ್ದರೆ ಒಂದು ಕುಲ, ಇಲ್ಲದಿದ್ದರೆ ಇನ್ನೊಂದು. ಕುಲ ಗೊತ್ತಾದ ಮೇಲೆ ಅದರ ಲಕ್ಷಣ ಬರೆದು, ಚಿತ್ರ ಬಿಡಿಸಿ, ಹೆಸರಿಡುತ್ತಿದ್ದ. ಕಾಣದ್ದನ್ನು ಕಂಡೆ ಎಂದು ಅವನು ಒಂದು ದಿನವೂ ಬರೆದವನಲ್ಲ. ಆ ಬಗ್ಗೆ ಸ್ವಲ್ಪ ಬಿಗುಮಾನವೂ ಇತ್ತೆನ್ನು.

ಆ ಪಟ್ಟಣಕ್ಕೆ ಹತ್ತಿರದಲ್ಲಿ ರೇಷ್ಮೆ ಹುಳು ಸಾಕುವ ಒಂದು ಊರು. ಆ ವರ್ಷ ಊರಿನೊಳಗೆ ಭಯ ಹೊಕ್ಕಿತ್ತು. ಸುತ್ತಲಿನ ಊರುಗಳಲ್ಲಿ ಹುಳು ಸಾಯುತ್ತಿದ್ದವು. ಇನ್ನೇನು ಹಣ್ಣಾಗಿ ಗೂಡು ಕಟ್ಟಬೇಕು ಎನ್ನುವಾಗ ಹುಳುವಿದ್ದ ಬಿದಿರಿನ ತಟ್ಟೆತಟ್ಟೆಯೇ ಕಪ್ಪಿಟ್ಟು ಕೊಳೆಯುತ್ತಿತ್ತು. ಹುಳುವಿನ ರಕ್ತ ಹೀರುವ ನುಸಿಯೊಂದು ಹಬ್ಬುತ್ತಿದೆ ಎಂಬ ಸುದ್ದಿ ಹಬ್ಬಿತು. ಕಣ್ಣಿಗೆ ಕಾಣುವ ಹಾವೋ ಹುಲಿಯೋ ಆಗಿದ್ದರೆ ಕೋಲು ಹಿಡಿದು ನಿಲ್ಲಬಹುದಿತ್ತು. ಇದು ಯಾರ ಸೀರೆಯ ಸೆರಗಿನಲ್ಲಿ ಬರುತ್ತದೋ, ಯಾರ ಕಂಬಳಿಯಲ್ಲಿ ಬರುತ್ತದೋ. ಜನ ಒಬ್ಬರ ಮನೆಗೊಬ್ಬರು ಹೋಗುವುದನ್ನು ಬಿಟ್ಟರು. ಹೆಣ್ಣು ಕೊಟ್ಟ ಮನೆಯವರು ಬಂದರೂ ಅಂಗಳದಲ್ಲೇ ನಿಲ್ಲಿಸಿ ಮಾತಾಡಿಸಿ ಕಳಿಸಿದರು.

ಊರಂಚಿನಲ್ಲಿ ಸಾಕವ್ವ ಎಂಬ ಹೆಂಗಸಿನ ಮನೆ. ಗಂಡ ಸತ್ತ ಮೇಲೆ ಬೇರೆ ಊರಿನಿಂದ ಬಂದು ನೆಲೆಸಿದವಳು. ಅವಳಿಗೆ ತೋಟವಿಲ್ಲ. ಊರವರಿಂದ ಹಿಪ್ಪುನೇರಳೆ ಸೊಪ್ಪು ಕೊಂಡು ಹುಳು ಸಾಕಿ ಹೊಟ್ಟೆ ಹೊರೆಯುತ್ತಿದ್ದಳು. ಸೊಪ್ಪು ಹಾಕಲು ಹೋದವನೊಬ್ಬ ಅವಳ ತಟ್ಟೆಯ ಅಂಚಿನಲ್ಲಿ ಕೆಂಚು ಧೂಳೊಂದು ಹರಿದಾಡುವುದನ್ನು ಕಂಡ. ಹೆಗಲ ಮೇಲಿನ ಹೊರೆಯನ್ನು ಅಲ್ಲೇ ಬಿಸಾಕಿ ಓಡಿದ. ಊರ ಗೌಡ ಪಂಡಿತನಿಗೆ ಹೇಳಿ ಕಳಿಸಿದ.

ಪಂಡಿತ ಬಂದು ಆ ಧೂಳನ್ನು ಸೀಸೆಯಲ್ಲಿ ತುಂಬಿಕೊಂಡ. ಸಾಕವ್ವ ಬಾಗಿಲಿಗೆ ಅಡ್ಡ ಬಂದು ನಿಂತಳು.

"ಅಯ್ಯಾ, ನನ್ನ ಹುಳು ಹೇಗೆ ಸೊಪ್ಪು ತಿನ್ನುತ್ತಿವೆ ಸ್ವಲ್ಪ ಕೇಳಿ. ಇವನ್ನು ಸುಟ್ಟರೆ ನಾಳೆಯಿಂದ ನನಗೆ ಯಾರೂ ಸೊಪ್ಪು ಕೊಡುವುದಿಲ್ಲ. ಈ ಊರು ಬಿಟ್ಟರೆ ನನಗೆ ಬೇರೆ ದಿಕ್ಕಿಲ್ಲ. ಸರಿಯಾಗಿ ನೋಡಿ ಹೇಳಿ."

"ಹೆದರಬೇಡವ್ವ," ಎಂದ ಪಂಡಿತ. "ನಾನು ಕಂಡದ್ದನ್ನಷ್ಟೇ ಹೇಳುವವನು."

ಮನೆಗೆ ಬಂದು ಸೀಸೆಯಲ್ಲಿದ್ದ ನುಸಿಗಳಲ್ಲಿ ಚೆನ್ನಾಗಿರುವ ಒಂದನ್ನು ಆರಿಸಿದ. ಗಾಜಿನ ಮೇಲೆ ಕೂರಿಸಿ ತೆಳುಗಾಜು ಮುಚ್ಚಿದ. ಒಳಗೊಂದು ಗಾಳಿಗುಳ್ಳೆ ಸೇರಿಕೊಂಡಿತ್ತು. ಸೂಜಿಯ ತುದಿಯಿಂದ ಗಾಜನ್ನು ಒತ್ತಿದ. ಗುಳ್ಳೆ ಸರಿದು ಹೊರಗೆ ಹೋಯಿತು. ನೋಡಿದ. ಅವನು ಕಂಡ ಯಾವ ನುಸಿಯನ್ನೂ ಅದು ಹೋಲುತ್ತಿರಲಿಲ್ಲ. ಹೊಸದು ಎಂದು ತಿಳಿದು ಖುಷಿಯಾಯಿತು. ಇನ್ನು ಉಳಿದದ್ದು ಕುಲ. ಬೂಷ್ಟು ತಿನ್ನುವ ಸಾಧು ಕುಲಕ್ಕೂ ರಕ್ತ ಹೀರುವ ಕುಲಕ್ಕೂ ಮೈಕಟ್ಟು ಹೆಚ್ಚುಕಡಿಮೆ ಒಂದೇ. ಬೂಷ್ಟು ತಿನ್ನುವವಕ್ಕೆ ಎರಡು ಭುಜದ ಮೇಲೂ ಒಂದೊಂದು ಉದ್ದ ಕೂದಲು. ರಕ್ತ ಹೀರುವವಕ್ಕೆ ಅದಿಲ್ಲ. ಪಂಡಿತ ಬಲಭುಜ ನೋಡಿದ. ಇಲ್ಲ. ಎಡಭುಜ ನೋಡಿದ. ಇಲ್ಲ. ಕಣ್ಣುಜ್ಜಿಕೊಂಡು ಮತ್ತೊಮ್ಮೆ ನೋಡಿದ. ಆಗಲೂ ಇರಲಿಲ್ಲ.

ಊರಿಗೆ ಹೋಗಿ ಕಂಡದ್ದನ್ನು ಹೇಳಿದ. ಇದು ಹೊಸ ನುಸಿ, ಭುಜದ ಕೂದಲಿಲ್ಲ, ರಕ್ತ ಹೀರುವ ಕುಲದ್ದು ಎಂದ. ಹೆಸರೇನು ಎಂದು ಯಾರೋ ಕೇಳಿದರು. ಮೊದಲು ಸಿಕ್ಕ ಮನೆಯ ಹೆಸರಿಡುವುದು ಅವನ ರೂಢಿ, ಅದು ಮನೆಯವರಿಗೆ ಮಾಡುವ ಮರ್ಯಾದೆ ಎಂದು ಅವನ ತಿಳಿವಳಿಕೆ. ಸಾಕವ್ವನ ನುಸಿ ಎಂದ. ಊರು ಆ ಹೆಸರನ್ನು ಕೇಳಿಸಿಕೊಂಡಿತು. ಹೊತ್ತು ಮುಳುಗುವ ಮೊದಲು ಅವಳ ಮನೆಯ ಹುಳು, ತಟ್ಟೆ, ಗೂಡು ಕಟ್ಟಿಸುವ ಚಂದ್ರಿಕೆ ಎಲ್ಲವನ್ನೂ ಅಂಗಳದಲ್ಲಿ ಹಾಕಿ ಸುಡುವುದೆಂದು ತೀರ್ಮಾನವಾಯಿತು.

ಪಂಡಿತ ಮನೆಗೆ ಬಂದು ಉಂಡು ಚಿತ್ರ ಬರೆಯಲು ಕೂತ. ಲಕ್ಷಣ ಬರೆದ ಮೇಲೆ ಚಿತ್ರ ಬೇಕೇ ಬೇಕು. ನೋಡುವುದೇ ಬೇರೆ, ಬರೆಯುವುದೇ ಬೇರೆ, ಗುರುಪಾದ. ನೋಡುವಾಗ ಕಣ್ಣು ತಾನು ಹುಡುಕಿದ್ದನ್ನು ಮಾತ್ರ ಕಾಣುತ್ತದೆ. ಬರೆಯುವಾಗ ಕೈ ಎಲ್ಲದರ ಮೇಲೂ ಹಾದು ಹೋಗಬೇಕು. ಕಾಲು ಬರೆದ, ಬಾಯಿ ಬರೆದ, ಬೆನ್ನು ಬರೆದ. ಬಲಭುಜಕ್ಕೆ ಬಂದ. ಅಲ್ಲೊಂದು ಕುಳಿ ಇತ್ತು. ಸಣ್ಣದು, ದುಂಡಗಿನದು, ಸುತ್ತ ಉಂಗುರದಂಥ ಅಂಚು.

ಕೂದಲೇ ಹುಟ್ಟದ ಜಾಗದಲ್ಲಿ ಕುಳಿ ಇರುವುದಿಲ್ಲ. ಕುಳಿ ಇದ್ದರೆ ಅಲ್ಲಿ ಕೂದಲು ಇತ್ತೆಂದೇ ಅರ್ಥ. ಪಂಡಿತ ಎಡಭುಜಕ್ಕೆ ಗಾಜನ್ನು ಸರಿಸಿದ. ಅಲ್ಲಿಯೂ ಕುಳಿ. ತೆಳುಗಾಜಿನ ಅಂಚಿನಲ್ಲಿ ಉದ್ದನೆಯ ಎಳೆಯೊಂದು ಬಿದ್ದಿತ್ತು. ಮೊದಲೂ ಅದನ್ನು ಕಂಡಿದ್ದ, ಬಟ್ಟೆಯ ನೂಲೆಂದು ಬಿಟ್ಟಿದ್ದ. ಗುಳ್ಳೆ ಹೋಗಲೆಂದು ತಾನು ಒತ್ತಿದ ಸೂಜಿ ನೆನಪಾಯಿತು.

ಸೀಸೆಯಿಂದ ಇನ್ನೊಂದನ್ನು ತೆಗೆದ. ಈ ಸಲ ಉಸಿರು ಬಿಗಿಹಿಡಿದು ಗಾಜನ್ನು ತಾನಾಗಿ ಇಳಿಯಲು ಬಿಟ್ಟ. ಗುಳ್ಳೆ ಬಂದರೆ ಬರಲಿ ಎಂದ. ನೋಡಿದ. ಎರಡು ಭುಜದ ಮೇಲೂ ಉದ್ದ ಕೂದಲು, ಚೆನ್ನಾಗಿ ಬಾಗಿ ನಿಂತಿದ್ದವು. ಇನ್ನೊಂದರಲ್ಲೂ ಹಾಗೆಯೇ. ಬೂಷ್ಟು ತಿನ್ನುವ ಬಡಪಾಯಿ ಜೀವಿ ಅದು. ಹುಳುವಿನ ತಂಟೆಗೇ ಹೋಗುವುದಿಲ್ಲ.

ಊರಿಗೆ ಹೋಗಿ ಏನೆಂದು ಹೇಳುವುದು? ಇಷ್ಟು ವರ್ಷ ಸಂಪಾದಿಸಿದ ಹೆಸರು ಒಂದು ಸಂಜೆಗೆ ಮಣ್ಣುಪಾಲಾಗುತ್ತದೆ. ಆಗ ಇನ್ನೊಂದು ಯೋಚನೆ ಬಂತು. ಈ ಭುಜ, ಈ ಕೂದಲು, ಈ ಕುಳಿ, ಇವನ್ನು ನೋಡಬಲ್ಲವನು ಸುತ್ತ ಎಲ್ಲಿಯೂ ತನ್ನನ್ನು ಬಿಟ್ಟರೆ ಬೇರೆ ಇಲ್ಲ. ತಾನು ಸುಮ್ಮನಿದ್ದರೆ ಯಾರಿಗೂ ಎಂದಿಗೂ ತಿಳಿಯುವುದಿಲ್ಲ. ಆ ಯೋಚನೆ ತನ್ನ ತಲೆಯಲ್ಲೇ ಹುಟ್ಟಿತೆಂದು ಅರಿವಾದಾಗ ಅವನಿಗೆ ತನ್ನ ಬಗ್ಗೆಯೇ ಭಯವಾಯಿತು. ಕನ್ನಡಿಯೆದುರಿಗೆ ಹೋಗಲೂ ಅಂಜುವಂಥ ಭಯ. ಗಾಜಿನ ಪಟ್ಟಿಗಳನ್ನು ಪಂಚೆಯ ತುದಿಯಲ್ಲಿ ಸುತ್ತಿಕೊಂಡು ಬರಿಗಾಲಲ್ಲಿ ಓಡಿದ.

ದಾರಿಯುದ್ದಕ್ಕೂ ಆಕಾಶ ನೋಡುತ್ತ ಓಡಿದ. ಮೋಡ ಕಂಡರೆ ಹೊಗೆ ಎನಿಸುತ್ತಿತ್ತು. ಯಾರದೋ ಒಲೆಯ ಹೊಗೆ ಕಂಡು ಎಡವಿ ಬಿದ್ದ. ಮತ್ತೆ ಎದ್ದು ಓಡಿದ.

ಇನ್ನೂ ಬೆಂಕಿ ಹಚ್ಚಿರಲಿಲ್ಲ. ತಟ್ಟೆಗಳನ್ನು ಹುಳುವಿನ ಸಮೇತ ಅಂಗಳದಲ್ಲಿ ಒಟ್ಟಿದ್ದರು. ಜನ ದೂರದಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದರು. ಸಾಕವ್ವ ಹೊಸ್ತಿಲ ಮೇಲೆ ಕೂತಿದ್ದಳು. ಪಂಡಿತ ಗೌಡನ ಮುಂದೆ ನಿಂತು ಏದುಸಿರಿನಲ್ಲೇ ಎಲ್ಲವನ್ನೂ ಹೇಳಿದ. ತಪ್ಪು ನನ್ನದು ಎಂದ. ಕೂದಲಿತ್ತು, ನನ್ನ ಕೈಯಲ್ಲೇ ಮುರಿಯಿತು, ಇದು ಯಾರಿಗೂ ಏನೂ ಮಾಡದ ಜೀವಿ ಎಂದ. ಮರ್ಯಾದೆಯನ್ನು ಬದಿಗಿಟ್ಟು ಕೈಮುಗಿದ. ಆ ಹೊತ್ತಿಗೆ ಅವನು ಮಾಡಬೇಕಾದದ್ದನ್ನೆಲ್ಲ ಮಾಡಿದ, ಗುರುಪಾದ. ಅದರಲ್ಲಿ ಕೊರತೆ ಇರಲಿಲ್ಲ.

ಗೌಡ ಅವನ ಮುಖವನ್ನೇ ನೋಡಿದ.

"ಆಗ ಇಲ್ಲ ಎಂದಿರಿ, ಈಗ ಇದೆ ಎನ್ನುತ್ತೀರಿ. ನನಗೂ ಮಕ್ಕಳಿದ್ದಾರೆ ಸ್ವಾಮಿ. ನೀವು ಹೇಳಿದ ಮೇಲೆ ಈ ಊರಲ್ಲಿ ಯಾರೂ ಅನ್ನ ಉಂಡಿಲ್ಲ."

ಪಂಡಿತ ಗಾಜಿನ ಪಟ್ಟಿ ತೆಗೆದು ತೋರಿಸಿದ. ಬರಿಗಣ್ಣಿಗೆ ಅದರಲ್ಲಿ ಏನು ಕಂಡೀತು? ಒಂದು ಚುಕ್ಕೆ. ಆದರೆ ಆ ಚುಕ್ಕೆಯನ್ನು ಕಂಡದ್ದೇ ಜನ ಹಿಂದಕ್ಕೆ ಸರಿದರು. ಒಬ್ಬ ತಾಯಿ ಮಗುವಿನ ಮುಖವನ್ನು ಸೆರಗಿನಿಂದ ಮುಚ್ಚಿದಳು. ಅವನು ಒಂದು ಹೆಜ್ಜೆ ಮುಂದಿಟ್ಟರೆ ಅವರು ಎರಡು ಹೆಜ್ಜೆ ಹಿಂದಿಟ್ಟರು. ಆ ಭಯವನ್ನು ಕೊಟ್ಟವನು ಅವನೇ, ಆದರೆ ಈಗ ಅದನ್ನು ಅವರಿಂದ ಬಿಡಿಸಿಕೊಳ್ಳಲು ಅವನಿಗೆ ಆಗಲಿಲ್ಲ. ಯಾರು ಹಚ್ಚಿದರೋ ಗೊತ್ತಿಲ್ಲ, ಒಟ್ಟಿದ್ದಕ್ಕೆ ಬೆಂಕಿ ಬಿತ್ತು.

ಜನ ಮಾತು ನಿಲ್ಲಿಸಿದರು. ಆಗ ಪಂಡಿತನಿಗೆ ಒಂದು ಸದ್ದು ಕೇಳಿಸಿತು. ಸೋಗೆಯ ಮೇಲೆ ಮಳೆ ಬಿದ್ದ ಹಾಗಿನ ಸದ್ದು. ಮೇಲಿನ ತಟ್ಟೆಗಳಲ್ಲಿ ಹುಳು ಇನ್ನೂ ಸೊಪ್ಪು ತಿನ್ನುತ್ತಿದ್ದವು. ಸಾಕವ್ವ ಕೇಳಿ ಎಂದು ಹೇಳಿದ್ದು ಅದನ್ನೇ, ಆಗ ಅವನು ಕಿವಿಗೊಟ್ಟಿರಲಿಲ್ಲ. ಸ್ವಲ್ಪ ಹೊತ್ತು ಕೇಳಿಸಿತು. ಆಮೇಲೆ ನಿಂತಿತು.

ಮರುದಿನದಿಂದ ಸಾಕವ್ವನಿಗೆ ಯಾರೂ ಸೊಪ್ಪು ಕೊಡಲಿಲ್ಲ. ಬಾವಿಕಟ್ಟೆಗೆ ಅವಳು ಬಂದರೆ ಉಳಿದವರು ಕೊಡ ಎತ್ತಿಕೊಂಡು ಹೋದರು. ಯಾವ ಊರಿಗೆ ಹೋದರೂ ಅವಳಿಗಿಂತ ಮೊದಲು ಆ ಹೆಸರು ಹೋಗಿರುತ್ತಿತ್ತು. ಅದೇ ಕೆಂಚು ಧೂಳು ಗೌಡನ ಮನೆಯ ತಟ್ಟೆಗಳ ಅಂಚಿನಲ್ಲೂ ಇತ್ತು, ಯಾರೂ ನೋಡಲಿಲ್ಲ, ಅವನ ಹುಳು ಚೆನ್ನಾಗಿಯೇ ಗೂಡು ಕಟ್ಟಿದವು. ಒಂದು ದಿನ ಸಾಕವ್ವ ಗಂಟು ಕಟ್ಟಿಕೊಂಡು ಊರು ಬಿಟ್ಟಳು. ಹೋಗುವಾಗ ಪಂಡಿತನ ಬಾಗಿಲಿನ ಮುಂದೆಯೇ ಹಾದು ಹೋದಳು. ಅವನು ಒಳಗಿದ್ದ. ಅವಳು ಬೈಯುತ್ತಾಳೆಂದು ಕಾದ. ಅವಳು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಆಮೇಲೆ ಅಷ್ಟಿಷ್ಟು ನಿದ್ದೆ ಬರುತ್ತಿತ್ತೋ ಏನೋ. ಭುಜದ ಕೂದಲನ್ನೂ ಸೇರಿಸಿ ಅವನು ಸರಿಯಾದ ಲಕ್ಷಣ ಬರೆದ. ಅವನ ವಿದ್ಯೆಯವರೆಲ್ಲ ಓದಿ ಮೆಚ್ಚಿದರು. ಆ ಊರಿನಲ್ಲಿ ಅದನ್ನು ಓದುವವರು ಇರಲಿಲ್ಲ.

ಅಜ್ಜನವರು ಕತೆ ನಿಲ್ಲಿಸಿ ಇನ್ನೊಂದು ಉಂಡೆಗೆ ವಿಭೂತಿ ತೆಗೆದುಕೊಂಡರು.

ಗುರುಪಾದನಿಗೆ ಎದ್ದು ಹೋಗಬೇಕೆನಿಸಿತು, ಏಳಲಾಗಲಿಲ್ಲ. ಕೊನೆಗೆ, "ಅಜ್ಜನವರೇ, ಆ ಪಂಡಿತ ಸುಳ್ಳು ಹೇಳಲಿಲ್ಲವಲ್ಲ. ಅವನು ನೋಡಿದಾಗ ಕೂದಲು ಇರಲಿಲ್ಲ ತಾನೇ?" ಎಂದ.

"ಇರಲಿಲ್ಲ," ಎಂದರು ಅಜ್ಜನವರು.

ಹೊರಗೆ ಭಜನೆಯ ಗಂಟೆಯಾಯಿತು. ಸಂಗಯ್ಯ ಅಂಗಳ ದಾಟಿ, ತಲೆ ತಗ್ಗಿಸಿಕೊಂಡು, ಎಲ್ಲರಿಗಿಂತ ಹಿಂದೆ ಹೋಗಿ ಕೂತ. ಗುರುಪಾದ ಅವನ ಕಡೆ ನೋಡಿದ.

"ಗುರುಪಾದ," ಎಂದರು ಅಜ್ಜನವರು, "ಅವನು ಬಂದಾಗ ಹಾಡಿಕೊಳ್ಳುತ್ತಿದ್ದನಲ್ಲ, ಅದು ಯಾರ ಸೂಜಿ ತಾಗಿ ಮುರಿಯಿತು?"