ಸುಟ್ಟ ಬಿಲ್ಲೆ

ಹೊಳೆದಂಡೆಯ ಆಶ್ರಮದಲ್ಲಿ ಮುದುಕಿ ನೀಲವ್ವನ ಉಸಿರು ಒಂದು ಆಕ್ಸಿಜನ್ ಯಂತ್ರದ ಮೇಲೆ ನಿಂತಿತ್ತು. ಮೂವತ್ತು ವರ್ಷ ಎಲ್ಲರಿಗೂ ರೊಟ್ಟಿ ಬಡಿದ ಜೀವ ಅದು.

ಒಂದು ಬೆಳಿಗ್ಗೆ ಹತ್ತಿರದಲ್ಲೇ ಸಿಡಿಲು ಬಡಿದು ಯಂತ್ರ ನಿಂತಿತು. ಆಕೆಯ ನಳಿಗೆಯನ್ನು ಸಣ್ಣ ಸಿಲಿಂಡರಿಗೆ ಜೋಡಿಸಿದರು. ಅದರಲ್ಲಿದ್ದದ್ದು ಎರಡು ತಾಸಿನ ಗಾಳಿ.

ಶಿಷ್ಯ ಕಲ್ಮೇಶ ಯಂತ್ರ ಬಿಚ್ಚಿದ. ಫ್ಯೂಸ್ ಸುಟ್ಟಿತ್ತು. ಹೊಸದು ಹಾಕಿದರೆ ಅದೂ ಸುಟ್ಟಿತು. ಕರೆಂಟು ಒಳಬರುವ ಬಾಯಲ್ಲೇ ಒಂದು ನೀಲಿ ಬಿಲ್ಲೆ ಸೀಳಿ ಕರಕಲಾಗಿತ್ತು. ಅದನ್ನು ಕತ್ತರಿಸಿ ಎಸೆದು, ಮತ್ತೊಂದು ಫ್ಯೂಸ್ ಹಾಕಿದ. ಯಂತ್ರ ಗುಂಯ್ಗುಟ್ಟಿತು. ಕಲ್ಮೇಶನ ಮುಖ ಮೊರದಗಲವಾಯಿತು.

ಗುರು ಮುಪ್ಪಯ್ಯಜ್ಜಾರು ಪೂರ್ವಾಶ್ರಮದಲ್ಲಿ ರೇಡಿಯೊ ರಿಪೇರಿ ಮಾಡಿದವರು. ಬಿಲ್ಲೆ ಎಲ್ಲಿ ಎಂದು ಕೇಳಿದರು.

"ಅದರದೇನೂ ಕೆಲಸಿಲ್ರಿ ಅಜ್ಜಾರ. ಅದಿಲ್ಲದನೂ ನಡೀತೈತ್ರಿ."

ಅಜ್ಜಾರು ಬೈಯಲಿಲ್ಲ. ಕಸದಲ್ಲಿ ಹುಡುಕಿ ಬಿಲ್ಲೆಯನ್ನು ಅವನ ಕೈಗಿಟ್ಟು, ಪೇಟೆಗೆ ಹೋಗಿ ಇಂಥದ್ದೇ ಹೊಸದು ತರಲು ಹೇಳಿದರು. ಆಮೇಲೆ ಪ್ಲಗ್ಗಿನ ಪಕ್ಕ ನೆಲದ ಮೇಲೆ ಕೂತು ಕಿಟಕಿಯಾಚೆ ಮುಗಿಲು ನೋಡತೊಡಗಿದರು.

"ಇಲ್ಲ್ಯಾಕ ಕುಂತ್ರಿ?"

"ನೀ ಬರೂತನಕ ನಾನೇ ಆ ಬಿಲ್ಲೆ."

ನಾಲ್ಕು ಅಂಗಡಿ ಅಲೆದು ಕಲ್ಮೇಶ ಬರುವಷ್ಟರಲ್ಲಿ ಹೊತ್ತು ಇಳಿದಿತ್ತು. ನಡುವೆ ಗುಡುಗು ಬಂದು ಹೋಗಿತ್ತು. ಮಿಂಚಿದಾಗಲೆಲ್ಲ ಅಜ್ಜಾರು ಪ್ಲಗ್ ಕಿತ್ತು ಮುದುಕಿಯ ನಳಿಗೆಯನ್ನು ಸಿಲಿಂಡರಿಗೆ ಹಾಕಿದರಂತೆ, ಮುಗಿಲು ತಣ್ಣಗಾದ ಮೇಲೆ ಮತ್ತೆ ಯಂತ್ರಕ್ಕೆ. ಹೀಗೆ ಏಳು ಸಲ, ಊಟಕ್ಕೂ ಏಳಲಿಲ್ಲ ಎಂದಳು ನೀಲವ್ವ.

ತಾನು ಕಸವೆಂದು ಎಸೆದದ್ದರ ಜಾಗದಲ್ಲಿ ಎಪ್ಪತ್ತೆಂಟರ ಗುರುಗಳು ದಿನವಿಡೀ ಕೂತಿದ್ದರು. ಕಲ್ಮೇಶನಿಗೆ ಕಣ್ಣು ತುಂಬಿ ಬಂತು. ಅವರ ಕಾಲಿಗೆ ಬೀಳಬೇಕೆನಿಸಿತು. ಆದರೆ ಮೊದಲು ಬಿಲ್ಲೆ ಬೆಸೆದ.

ಬೆಸೆಯುವಾಗ ಅಜ್ಜಾರು ಮೆಲ್ಲಗೆ ತಿಳಿಸಿದರು. ಹೆಚ್ಚಿನ ಕರೆಂಟು ನುಗ್ಗಿದಾಗ ಅದನ್ನು ಈ ಬಿಲ್ಲೆ ನುಂಗುತ್ತದೆ. ನುಂಗಿದಷ್ಟೂ ತಾನು ಸವೆಯುತ್ತದೆ. ಹಳೆಯದು ತಾನು ಸುಟ್ಟು, ಫ್ಯೂಸನ್ನೂ ಹಾರಿಸಿ ಯಂತ್ರ ಉಳಿಸಿತು. ಕೆಲವು ಸದ್ದಿಲ್ಲದೆ ಸತ್ತಿರುತ್ತವೆ, ಯಂತ್ರ ಮಾತ್ರ ಎಂದಿನಂತೆ ನಡೆಯುತ್ತಿರುತ್ತದೆ.

"ಹಂಗಾದ್ರ ಇದು ಸವದದ್ದು ನನಗ ಹೆಂಗ ತಿಳೀಬೇಕ್ರಿ?"

ಅಜ್ಜಾರು ಮಂಡಿ ಹಿಡಿದು ಎದ್ದರು.

"ಯಂತ್ರ ನಿಂತಾಗ ಎಲ್ಲಾರೂ ಬರ್ತಾರ, ತಮ್ಮಾ. ನೀ ಅದು ಚಲೋ ನಡದಾಗ ಬಾ."