ಮಂಜಿನಲ್ಲಿ ದೋಣಿ ಇಳಿಸಿದ ವ್ಯಾಪಾರಿ

"ಗುರುಗಳೇ, ನನ್ನನ್ನು ಒಂದು ದನಿ ಕರೆಯುತ್ತಿದೆ. ಅದನ್ನು ನಂಬಿ ಎಷ್ಟು ದೂರ ಹೋಗಬಹುದು?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಮುಖ ನೋಡಿದರು. ತುಟಿ ಒಡೆದಿತ್ತು. ಧ್ಯಾನಕ್ಕೆ ಕೂತಾಗ ಕೇಳುವ ಆ ದನಿ ಮೊದಲು ಉಪ್ಪು ಬಿಡು ಎಂದಿತ್ತು, ಅವನು ಬಿಟ್ಟ. ರಾತ್ರಿಯ ಊಟ ಬಿಡು ಎಂದಿತ್ತು, ಅದನ್ನೂ ಬಿಟ್ಟ. ಆಮೇಲೆ ಅನ್ನವನ್ನೇ ಬಿಡಿಸಿತು. ಆ ದಿನ ಬೆಳಗ್ಗೆಯಿಂದ ಅವನು ನೀರನ್ನೂ ಮುಟ್ಟಿರಲಿಲ್ಲ.

"ಯಾರ ದನಿಯ ಹಾಗಿದೆ?" ಎಂದು ಗುರುಗಳು ಕೇಳಿದರು.

"ನಿಮ್ಮದರ ಹಾಗೆಯೇ ಇದೆ," ಎಂದ ಶಿಷ್ಯ.

ಗುರುಗಳು ಒಂದು ಲೋಟ ನೀರನ್ನು ಅವನ ಮುಂದಿಟ್ಟು ಈ ಕತೆ ಹೇಳಿದರು.

ಅಣೆಕಟ್ಟಿನ ಹಿನ್ನೀರಿನ ದಡದಲ್ಲಿ ಒಬ್ಬ ವ್ಯಾಪಾರಿ ಇದ್ದ. ಆಚೆ ದಡದ ಹಳ್ಳಿಗಳಿಗೆ ಸಾಮಾನು ಒಯ್ದು ಮಾರಬೇಕೆಂದು ಅವನು ಒಂದು ದೋಣಿ ಕೊಂಡ. ಅದನ್ನು ಹೇರಿಕೊಂಡು ಹೋಗಲು ಎರಡು ಗಾಲಿಯ ಟ್ರೇಲರೂ ಜೊತೆಗೆ ಬಂತು. ಅವನ ಬಳಿ ಜೀಪು ಇತ್ತು. ಆದರೆ ಜೀಪಿನ ಹಿಂದೆ ಏನನ್ನಾದರೂ ಕಟ್ಟಿಕೊಂಡು ಓಡಿಸಿ ಅಭ್ಯಾಸವಿರಲಿಲ್ಲ. ಅವನ ಹೆಂಡತಿ ತನ್ನ ತಮ್ಮನನ್ನು ಕರೆಸಿದಳು. ತಮ್ಮ ಲಾರಿ ಓಡಿಸುವವನು.

ಭಾವಮೈದ ಅವನನ್ನು ನೇರವಾಗಿ ನೀರಿನ ಹತ್ತಿರ ಬಿಡಲಿಲ್ಲ. ದಡದ ಮೇಲಿನ ಬಯಲಿನಲ್ಲಿ ಒಂದು ದಿನ ಕಲಿಸಿದ. ಟ್ರೇಲರನ್ನು ಜೀಪಿಗೆ ಸೇರಿಸುವ ಕೊಂಡಿ ಸರಿಯಾಗಿ ಕೂತಿದೆಯೇ ಎಂದು ಅಲುಗಿಸಿ ನೋಡಬೇಕು. ಅದು ಕಳಚಿದರೂ ಟ್ರೇಲರ್ ಬಿಟ್ಟುಹೋಗದಂತೆ ಸರಪಳಿ ಹಾಕಬೇಕು. ತಿರುವಿನಲ್ಲಿ ಅಗಲವಾಗಿ ತಿರುಗಬೇಕು, ಏಕೆಂದರೆ ಟ್ರೇಲರ್ ಒಳಬದಿಗೆ ಕೊರೆದುಕೊಂಡು ಬರುತ್ತದೆ. ಹಿಂದಕ್ಕೆ ಹೋಗುವಾಗ ಸ್ಟೀರಿಂಗನ್ನು ಕೆಳಭಾಗದಲ್ಲಿ ಹಿಡಿಯಬೇಕು. ಆಗ ಕೈ ಹೋದ ಕಡೆಗೇ ದೋಣಿ ಹೋಗುತ್ತದೆ. ಓಡಿಸುವವನಿಗೆ ದೋಣಿಯ ಆಚೆ ಏನಿದೆ ಎಂಬುದು ಕಾಣುವುದಿಲ್ಲ. ಆದ್ದರಿಂದ ಹಿಂದೆ ನಿಂತವನ ಮಾತಿನಂತೆ ನಡೆಯಬೇಕು.

ಹಿಂದೆ ನಿಂತವನಿಗೆ ಇದ್ದದ್ದು ಎರಡೇ ಮಾತು. ಬರಲಿ ಎಂದರೆ ಹಿಂದಕ್ಕೆ ಬರಬೇಕು. ಸಾಕು ಎಂದರೆ ನಿಲ್ಲಬೇಕು. ಟ್ರೇಲರ್ ಸೊಟ್ಟಗಾದಾಗಲೆಲ್ಲ ಭಾವಮೈದ ಸಾಕು ಎಂದ. ಸಂಜೆಯ ಹೊತ್ತಿಗೆ ವ್ಯಾಪಾರಿಗೆ ರೇಗಿತು.

"ಬೆಳಗ್ಗೆಯಿಂದ ಸಾಕು, ಸಾಕು. ಊಟಕ್ಕೆ ಕೂತಾಗ ಮಾತ್ರ ನಿನ್ನ ಬಾಯಲ್ಲಿ ಆ ಮಾತು ಬರಲ್ಲ."

"ಬರಲಿ ಅನ್ನೋಕೆ ಯಾರಾದ್ರೂ ಸಿಗ್ತಾರೆ ಭಾವ. ಸಾಕು ಅನ್ನೋಕೇ ಅಕ್ಕ ನನ್ನ ಕರೆಸಿದ್ದು."

ಆ ದಡದಲ್ಲಿ ದೋಣಿ ಇಳಿಸುವಷ್ಟು ಗಟ್ಟಿ ನೆಲ ಇದ್ದದ್ದು ಒಂದೇ ಕಡೆ. ಅದು ಹಳೆಯ ರಸ್ತೆ. ಅಣೆಕಟ್ಟು ಕಟ್ಟುವ ಮೊದಲು ಕೆಳಗೆ ಒಂದು ಊರಿತ್ತು. ಊರು ಮುಳುಗಿತು, ಅಲ್ಲಿಗೆ ಹೋಗುವ ರಸ್ತೆ ಉಳಿಯಿತು. ಡಾಂಬರು ಹಾಗೆಯೇ ನೀರಿನೊಳಕ್ಕೆ ಇಳಿದು ಹೋಗುತ್ತಿತ್ತು. ದೋಣಿಗೆಂದೇ ಕಟ್ಟಿದ ಇಳಿಜಾರಿಗೆ ಒಂದು ಕೊನೆ ಇರುತ್ತದೆ. ಇದಕ್ಕೆ ಇರಲಿಲ್ಲ.

ಮರುದಿನ ಬೆಳಗ್ಗೆ ದಟ್ಟ ಮಂಜು. ಮಂಜು ಹರಿಯುವವರೆಗೆ ಕಾಯೋಣ ಎಂದ ಭಾವಮೈದ. ಆಚೆ ದಡದಲ್ಲಿ ಅಂದು ಸಂತೆ ಇತ್ತು. ವ್ಯಾಪಾರಿ ಕಾಯಲು ಒಪ್ಪಲಿಲ್ಲ.

ಇಳಿಜಾರಿನ ಮೇಲ್ಗಡೆ ನಿಂತು ಇಬ್ಬರೂ ದೋಣಿಯನ್ನು ಸಿದ್ಧಮಾಡಿದರು. ತಳದ ತೂತಿಗೆ ಬಿರಡೆ ಹಾಕಿದರು. ದೋಣಿಯನ್ನು ಟ್ರೇಲರಿಗೆ ಬಿಗಿದಿದ್ದ ಪಟ್ಟಿಗಳನ್ನು ಬಿಚ್ಚಿದರು. ದೋಣಿಯ ಮೂತಿಯನ್ನು ಟ್ರೇಲರಿಗೆ ಹಿಡಿದಿದ್ದ ಕೊಕ್ಕೆಯನ್ನು ಮಾತ್ರ ನೀರಿನಲ್ಲಿ ಬಿಚ್ಚಬೇಕು, ಅದೂ ಮೂತಿಯ ಹಗ್ಗವನ್ನು ಒಬ್ಬರು ಕೈಯಲ್ಲಿ ಹಿಡಿದುಕೊಂಡ ಮೇಲೆ. ವ್ಯಾಪಾರಿ ಅವಸರದಲ್ಲಿ ಅದನ್ನೂ ಆಗಲೇ ಬಿಚ್ಚಿದ. ಭಾವಮೈದ ಅದನ್ನು ನೋಡಲಿಲ್ಲ.

ವ್ಯಾಪಾರಿ ಜೀಪನ್ನು ಹಿಂದಕ್ಕೆ ಬಿಟ್ಟ. ಕನ್ನಡಿಯಲ್ಲಿ ಬಿಳಿ ಬಿಟ್ಟರೆ ಬೇರೇನೂ ಇರಲಿಲ್ಲ. "ಬರಲಿ, ಬರಲಿ," ಎಂದು ಹಿಂದಿನಿಂದ ಭಾವಮೈದನ ದನಿ ಬರುತ್ತಿತ್ತು. ಟ್ರೇಲರಿನ ಗಾಲಿ ನೀರು ಮುಟ್ಟಿದಾಗ "ಸಾಕು," ಎಂದಿತು. ವ್ಯಾಪಾರಿ ನಿಲ್ಲಿಸಿದ. ಭಾವಮೈದ ಕಿಟಕಿಯ ಹತ್ತಿರ ಬಂದ.

"ಗಾಲಿಗೆ ಇಡೋ ಕಲ್ಲೆಲ್ಲಿ ಭಾವ?"

"ಬಯಲಲ್ಲೇ ಬಿಟ್ಟು ಬಂದೆ ಮಾರಾಯ."

"ಪುಣ್ಯಕ್ಕೆ ದೋಣಿ ತಂದಿದ್ದೀರಿ. ನಾನು ಹೋಗಿ ತರ್ತೀನಿ. ಅಲ್ಲಿವರೆಗೆ ಬ್ರೇಕಿಂದ ಕಾಲು ತೆಗೀಬೇಡಿ."

ಅವನು ರಸ್ತೆ ಹತ್ತಿ ಮಂಜಿನಲ್ಲಿ ಮರೆಯಾದ. ಹೆಜ್ಜೆಯ ಸದ್ದೂ ನಿಂತಿತು. ಸ್ವಲ್ಪ ಹೊತ್ತಾಯಿತು.

"ಬರಲಿ," ಎಂದು ಹಿಂದಿನಿಂದ ಕೇಳಿತು.

"ಕಲ್ಲು ಸಿಕ್ತಾ?" ಎಂದ ವ್ಯಾಪಾರಿ.

"ಬರಲಿ, ಬರಲಿ."

ಅದೇ ದನಿ. ಲಾರಿಯವರು ಕೊನೆಯನ್ನು ಎಳೆದು ಹೇಳುವ ಅದೇ ರೀತಿ. ಮಂಜಿನಲ್ಲಿ ತನಗೆ ಕಾಣದಂತೆ ಪಕ್ಕದಲ್ಲೇ ದಾಟಿ ಹೋಗಿರಬೇಕು ಎಂದುಕೊಂಡು ವ್ಯಾಪಾರಿ ಬ್ರೇಕ್ ಸಡಿಲಿಸಿದ.

ಹಿಂದಿನ ದಿನವೆಲ್ಲ ಸೊಟ್ಟಗೆ ಹೋಗುತ್ತಿದ್ದ ಟ್ರೇಲರ್ ಈಗ ಸ್ಟೀರಿಂಗ್ ಅಲುಗಿಸದೆಯೇ ನೆಟ್ಟಗೆ ಹೋಯಿತು. ತನಗೆ ಕೆಲಸ ಕೈಹತ್ತಿತು ಎಂದು ಅವನಿಗೆ ಸಂತೋಷವಾಯಿತು. ಜೀಪಿನ ಹಿಂದಿನ ಗಾಲಿಗಳು ನೀರಿಗಿಳಿದವು.

"ಇನ್ನೂ ಬೇಕಾ?"

"ಬರಲಿ, ಬರಲಿ."

ಬಾಗಿಲಿನ ಸಂದಿಯಿಂದ ನೀರು ಒಳಗೆ ಬಂತು. ವ್ಯಾಪಾರಿಯ ಪಾದ ತಣ್ಣಗಾಯಿತು. ಜೀಪು ಅಷ್ಟು ಹಿಂದೆ ಹೋಗಿದ್ದರೂ ದನಿ ಹತ್ತಿರವಾಗಿರಲಿಲ್ಲ. ದೂರವೂ ಆಗಿರಲಿಲ್ಲ.

ಆಗ ಮುಂದಿನಿಂದ, ರಸ್ತೆಯ ಮೇಲ್ಗಡೆಯಿಂದ, "ಸಾಕು ಭಾವ, ಸಾಕು," ಎಂದು ಕೇಳಿತು.

ಅದೂ ಭಾವಮೈದನ ದನಿಯೇ.

ಮುಂದೆಯೂ ಮಂಜು, ಹಿಂದೆಯೂ ಮಂಜು. ಭಾವಮೈದ ನಿಲ್ಲಬೇಕಾದ ಜಾಗ ಹಿಂದೆ. ಇಷ್ಟು ಹೊತ್ತು ದಾರಿ ಹೇಳಿದ್ದೂ ಹಿಂದಿನ ದನಿ. ಮುಂದಿನಿಂದ ಕೂಗುವವನು ಯಾರು ಎಂದು ವ್ಯಾಪಾರಿಗೆ ತಿಳಿಯಲಿಲ್ಲ. ನೀರು ಸೀಟಿನ ಅಂಚಿಗೆ ಬಂತು. ಇನ್ನು ಸ್ವಲ್ಪ ಹಿಂದೆ ಹೋದರೆ ಇಂಜಿನ್ ನಿಲ್ಲುತ್ತದೆ, ಆಮೇಲೆ ಆ ಇಳಿಜಾರಿನಲ್ಲಿ ಜೀಪನ್ನು ಹಿಡಿಯುವವರು ಯಾರೂ ಇಲ್ಲ. ಬರಲಿ ಎಂದಿತು ಹಿಂದಿನದು. ಸಾಕು ಎಂದಿತು ಮುಂದಿನದು.

ವ್ಯಾಪಾರಿ ಬ್ರೇಕ್ ಒತ್ತಿದ.

ಭಾವಮೈದ ಎರಡು ಕೈಯಲ್ಲಿ ಕಲ್ಲು ಹಿಡಿದು ಮಂಜಿನಿಂದ ಹೊರಬಂದ. ನೀರಿಗಿಳಿದು ಕಿಟಕಿಯ ಹತ್ತಿರ ನಿಂತ.

"ಯಾರ ಮಾತು ಕೇಳಿ ಹೋಗ್ತಿದ್ರಿ ಭಾವ?"

ವ್ಯಾಪಾರಿ ಉತ್ತರ ಕೊಡುವ ಮೊದಲೇ ಹಿಂದಿನಿಂದ ಇನ್ನೊಮ್ಮೆ "ಬರಲಿ," ಎಂದು ಕೇಳಿತು. ಭಾವಮೈದನ ಬಾಯಿ ಮುಚ್ಚಿತ್ತು. ಅವನು ನಿಂತಲ್ಲೇ ತನ್ನ ದನಿಯನ್ನು ಕೇಳಿಸಿಕೊಂಡ. ಕಲ್ಲು ಕೈಯಿಂದ ಜಾರಿ ನೀರಿಗೆ ಬಿತ್ತು.

ಅವನು ಜೀಪು ಹತ್ತಿ ಭಾವನ ಪಕ್ಕದಲ್ಲಿ ಕೂತ. ವ್ಯಾಪಾರಿ ಮುಂದಿನ ಗೇರ್ ಹಾಕಿದ. ಗಾಲಿ ಪಾಚಿಯಲ್ಲಿ ಜಾರಿತು, ಮತ್ತೆ ಹಿಡಿಯಿತು, ಜೀಪು ಮೇಲೆ ಬಂತು. ಟ್ರೇಲರ್ ಬರಿದಾಗಿತ್ತು.

ಬಿಸಿಲೇರಿ ಮಂಜು ಹರಿದ ಮೇಲೆ ದೋಣಿ ಕಾಣಿಸಿತು. ನೀರಿನ ನಡುವೆ, ಮೂತಿಯನ್ನು ದಡದ ಕಡೆಗೆ ಮಾಡಿ ನಿಂತಿತ್ತು. ಗಾಳಿ ದಡದತ್ತಲೇ ಬೀಸುತ್ತಿತ್ತು, ದೋಣಿ ಕದಲಲಿಲ್ಲ. ಯಾರೂ ಹಿಡಿಯದ ಮೂತಿಯ ಹಗ್ಗ ಸಡಿಲವಾಗಿ ತೇಲಬೇಕಿತ್ತು. ಅದು ಬಿಗಿಯಾಗಿ, ನೆಟ್ಟಗೆ ಕೆಳಕ್ಕೆ ಇಳಿದಿತ್ತು.

ದೋಣಿಯನ್ನು ತರಲು ಯಾರೂ ಹೋಗಲಿಲ್ಲ.

ಗುರುಗಳು ಕತೆ ಮುಗಿಸಿದರು. ಶಿಷ್ಯ ಲೋಟವನ್ನು ಇನ್ನೂ ಮುಟ್ಟಿರಲಿಲ್ಲ. ಒಣಗಿದ ಗಂಟಲಿನಿಂದ ಮಾತು ಕಷ್ಟಪಟ್ಟು ಬಂತು.

"ಎರಡೂ ಒಂದೇ ದನಿಯಾಗಿದ್ದಾಗ ನಿಜವಾದ ಭಾವಮೈದ ಯಾರೆಂದು ವ್ಯಾಪಾರಿಗೆ ಹೇಗೆ ಗೊತ್ತಾಯಿತು?"

"ನಿನಗೆ ಕೇಳುವ ದನಿ ನನ್ನದರ ಹಾಗಿದೆ ಎಂದೆಯಲ್ಲ," ಎಂದರು ಗುರುಗಳು. "ಅದು ಇದುವರೆಗೆ ಒಮ್ಮೆಯಾದರೂ ಸಾಕು ಎಂದಿದೆಯೇ?"

ಶಿಷ್ಯ ನೀರಿನ ಲೋಟವನ್ನು ಎತ್ತಿಕೊಂಡ.