ಬಳೆಯೊಡೆದ ದಿಬ್ಬ

ಕರಿಮಾಳ ಊರಿನ ಬಡಗಣ ದಿಕ್ಕಿಗೆ, ಎರೆಹೊಲಗಳ ನಡುವೆ, ಒಂದು ಗರಸಿನ ದಿಬ್ಬವಿದೆ. ಮಳೆನೀರು ನಿಲ್ಲದ ಜಾಗವೆಂದು ಹಿರಿಯರು ಅಲ್ಲಿ ಹಗೇವುಗಳನ್ನು ತೋಡಿದ್ದರು. ಹಗೇವು ಎಂದರೆ ನೆಲದೊಳಗಿನ ಕಣಜ; ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಹೊಟ್ಟೆ ನೂರು ಚೀಲ ಜೋಳ ನುಂಗುವಷ್ಟು. ಈಗ ಬಹಳಷ್ಟು ಕುಸಿದು ಜಾಲಿ ಬೆಳೆದಿದೆ. ದಿಬ್ಬಕ್ಕೆ ಬಳೆಯೊಡೆದ ದಿಬ್ಬವೆಂದು ಹೆಸರು. ಬಳೆಗಾರನ ಎತ್ತು ಮುಗ್ಗರಿಸಿ ಬಳೆಯೆಲ್ಲ ಒಡೆದದ್ದರಿಂದ ಈ ಹೆಸರು ಬಂತೆಂದು ಮೊನ್ನೆ ಯಾರೋ ಪುಣ್ಯಾತ್ಮ ಪತ್ರಿಕೆಯಲ್ಲಿ ಬರೆದಿದ್ದ. ಅವನ ತಲೆ! ಊರಲ್ಲಿ ಒಬ್ಬರನ್ನಾದರೂ ಕೇಳಬಾರದಿತ್ತೇ? ನಾನು ಬರೆಯುತ್ತಿರುವುದು ನನ್ನಜ್ಜಿ ಹೇಳಿದ್ದನ್ನು. ಅವಳು ಬೈಯುತ್ತಿದ್ದಳೇ ಹೊರತು ಸುಳ್ಳು ಹೇಳುತ್ತಿರಲಿಲ್ಲ.

ಹಿಂದೆ ಒಮ್ಮೆ, ಊರಿಗೆ ನೀಲನಗೌಡನೆಂಬವನು ಯಜಮಾನನಾಗಿದ್ದ ಕಾಲದಲ್ಲಿ, ಹಗೇವು ತೆಗೆಯುವ ಮತ್ತು ಮುಚ್ಚುವ ಕೆಲಸ ಮಾಯಪ್ಪ ಹಾಗೂ ಅವನ ಹೆಂಡತಿ ನಿಂಬೆವ್ವನದಾಗಿತ್ತು. ಇವನು ಒಳಗಿಳಿದು ಕಾಳು ತುಂಬುವವನು, ಅವಳು ಬಾಯಿ ಮುಚ್ಚಿ ಮೆತ್ತುವವಳು. ಒಂದು ದಿನ ಗೌಡನ ಹಗೇವಿನೊಳಗೆ ಇಳಿದಿದ್ದ ಮಾಯಪ್ಪನ ಕೈಗೆ ಕಾಳಿನ ನಡುವೆ ಒಂದು ಗಂಟು ಸಿಕ್ಕಿತು. ಬಿಚ್ಚಿದರೆ ಗ್ರಾಮದೇವತೆ ದ್ಯಾಮವ್ವನ ಬಂಗಾರದ ಸರ! ಗುಡಿಯಿಂದ ಅದು ಕಳುವಾಗಿ ತಿಂಗಳಾಗಿತ್ತು. ನಿಂಬೆವ್ವ ಅಂದು ಬಂದಿರಲಿಲ್ಲ, ಮೇಲೆ ನಿಂತಿದ್ದವನು ಗೌಡನೊಬ್ಬನೇ. ಗಂಟನ್ನು ಮೇಲಕ್ಕೆ ಇಸಿದುಕೊಂಡ, ಹಗ್ಗ ಎಳೆದುಕೊಂಡ, ತಲೆಯ ಮೇಲೆ ಕಲ್ಲು ಎತ್ತಿಹಾಕಿದ. ಆಮೇಲೆ ತಾನೇ ಬಾಯಿ ಮುಚ್ಚಿ ಊರಿಗೆ ಬಂದು, "ಮಾಯಪ್ಪ ಸರಾ ಕದ್ದು ಓಡಿಹೋಗ್ಯಾನ" ಎಂದು ಸಾರಿದನಂತೆ. ಇದನ್ನು ಕಂಡವರಿಲ್ಲ, ಮುಂದೆ ನಡೆದದ್ದನ್ನು ನೋಡಿ ಊರು ಜೋಡಿಸಿಕೊಂಡದ್ದು ಹೀಗೆ ಎನ್ನುತ್ತಾರೆ.

ಒಂಬತ್ತು ವರ್ಷ ನಿಂಬೆವ್ವ ಕಳ್ಳನ ಹೆಂಡತಿ ಎನ್ನಿಸಿಕೊಂಡು ಬದುಕಿದಳು. ಬಾವಿಯಲ್ಲಿ ಅವಳ ಕೊಡ ಕಡೆಯದು, ಪಂಕ್ತಿಯಲ್ಲಿ ಅವಳ ಎಲೆ ಹೊರಗಿನದು. ಆದರೂ ಎರಡೂ ಕೈ ತುಂಬ ಹಸಿರು ಬಳೆ ಹಾಕುತ್ತಿದ್ದಳು. "ಓಡಿಹೋದವನ ಹೆಸರಿಗೆ ಇಷ್ಟ್ಯಾಕವ್ವ ಬಳಿ?" ಎಂದು ಹೆಂಗಸರು ಚುಚ್ಚಿದರೆ, "ಅಂವ ಎಲ್ಲಿ ಸತ್ತಾನ ತೋರಸ್ರಿ, ಅಲ್ಲೇ ಒಡೀತೀನಿ" ಎನ್ನುತ್ತಿದ್ದಳು. ಗಂಡ ಕಳ್ಳನಲ್ಲವೆಂದು ಊರ ಬಾಯಿಂದಲೇ ಹೇಳಿಸಬೇಕು, ಅಲ್ಲಿಯತನಕ ತಾನು ಸಾಯಬಾರದು, ಇಷ್ಟೇ ಅವಳ ಹಟ.

ಗೌಡ ಆ ಒಂದು ಹಗೇವನ್ನು ಮಾತ್ರ ತೆಗೆಸುತ್ತಿರಲಿಲ್ಲ. "ಅದರಾಗ ನಾಗಪ್ಪ ಸೇರ್ಯಾನ" ಎನ್ನುತ್ತಿದ್ದ. ಒಂಬತ್ತನೆಯ ವರ್ಷ ಪಕ್ಕದ ಹಗೇವು ಮೆತ್ತಲು ಹೋದ ನಿಂಬೆವ್ವನಿಗೆ ಇದರ ಬಾಯಿ ತಗ್ಗಾದದ್ದು ಕಂಡಿತು, ಹುಳಿ ವಾಸನೆಯೂ ಬಂತು. ಕುಡುಗೋಲಿನಿಂದ ಅಂಚು ಕೆದರಿದಳು. ಹಗೇವಿನ ಬಾಯಿಗೆ ಮೊದಲು ಒಣ ಹೊಟ್ಟು, ಮೇಲೆ ಕಲ್ಲು, ಆಮೇಲೆ ಒಣಮಣ್ಣು ಬಡಿದು, ಕಟ್ಟಕಡೆಗೆ ಸಗಣಿ ಬೆರೆಸಿದ ಮಣ್ಣಿನಿಂದ ಮೆತ್ತುವುದು ಪದ್ಧತಿ. ಒಳಗೆ ಹಸಿ ತಾಗಿದರೆ ಕಾಳು ಕೊಳೆಯುತ್ತದೆ, ಕೊಳೆತ ಕಾಳು ವಿಷಗಾಳಿ ಬಿಡುತ್ತದೆ. ಇಲ್ಲಿ ಹೊಟ್ಟೂ ಇಲ್ಲ, ಒಣಮಣ್ಣೂ ಇಲ್ಲ. ಕಲ್ಲಿನ ಕೆಳಗೆಯೇ ಕೆಸರು ಮೆತ್ತಿದ ಗುರುತು. ಈ ಕಸುಬಿನವರು ಯಾರೂ ಕನಸಿನಲ್ಲೂ ಹೀಗೆ ಮಾಡರು. ಜನ್ಮದಲ್ಲಿ ಮಣ್ಣು ಮುಟ್ಟದವನ ಕೈಗೆಲಸ ಅದು. ಗಂಡ ಮನೆಬಿಟ್ಟ ಬೆಳಿಗ್ಗೆ ಯಾರ ಹಗೇವಿಗೆ ಹೊರಟಿದ್ದನೆಂಬುದು ಅವಳಿಗೆ ನೆನಪಿತ್ತು. ಅಲ್ಲೇ ಕುಕ್ಕರಿಸಿ ಕುಳಿತಳಂತೆ. ಅಳಲಿಲ್ಲ. ಎದ್ದು ಹೋಗಿ ಊರ ದೈವವನ್ನು, ಅಂದರೆ ಪಂಚರನ್ನು, ಕೂಡಿಸಿದಳು.

"ಆ ಹಗೇವು ತೆಗೀರಿ. ಅದರಾಗ ಬರೇ ಜ್ವಾಳ ಇದ್ರ ನನ್ನ ನಾಲಿಗಿ ಕೊಯ್ರಿ" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ, ಗೌಡ ತಟ್ಟನೆ ಎದ್ದು, "ತೆಗೀರಿ, ಆದ್ರ ಮೊದಲ ನಾನೇ ಇಳಿಯಾಂವ" ಎಂದ. ಬೇರೆಯವರು ಇಳಿಯುವ ಮೊದಲೇ ಎಲುಬುಗಳನ್ನು ಕಾಳಿನಡಿಗೆ ತುಳಿದುಬಿಡಬೇಕೆಂಬುದು ಅವನ ಲೆಕ್ಕ.

ಕಲ್ಲು ಸರಿಸಿದಾಗ ಎದ್ದ ನಾತಕ್ಕೆ ಜನರೆಲ್ಲ ಹಿಂದೆ ಸರಿದರು. ಇಳಿಯುವ ಮೊದಲು ದೀಪ ಇಳಿಬಿಟ್ಟು ನೋಡುವುದು ನಿಂಬೆವ್ವನ ಕೆಲಸ. ದೀಪ ಉರಿದರೆ ಇಳಿಯಬಹುದು, ಆರಿದರೆ ಇಳಿದವನು ಹೆಣ. ಅವಳು ಬಾಯಿಗೆ ಬಗ್ಗಿ ದೀಪ ಬಿಟ್ಟಳು. ಆಳುದ್ದ ಹೋಗುವುದರೊಳಗೆ ಅದು ಆರಿತು. ಕಂಡವಳು ಅವಳೊಬ್ಬಳೇ.

"ಉರೀತೇನ?" ಎಂದ ಗೌಡ.

"ಒಳಗ ಏನೈತಿ ಮೊದಲ ಹೇಳ್ರಿ ಗೌಡ್ರ. ಆಮ್ಯಾಲೆ ದೀಪದ ಮಾತು."

"ಏನಿರತೈತಿ? ಜ್ವಾಳ!"

"ದ್ಯಾಮವ್ವನ ಆಣಿಗೂ?"

"ದ್ಯಾಮವ್ವನ ಆಣಿಗೂ ಜ್ವಾಳ ಐತಿ."

"ಜ್ವಾಳ ಇದ್ರ ಇಳೀರಿ."

ಗೌಡ ಇಳಿದ. ಒಮ್ಮೆ ಕೆಮ್ಮಿದ್ದು ಕೇಳಿತು, ಆಮೇಲೆ ಏನೂ ಕೇಳಲಿಲ್ಲ. ನಿಂಬೆವ್ವ ಆರಿದ ದೀಪವನ್ನು ಎಳೆದು ಎಲ್ಲರಿಗೂ ತೋರಿಸಿದಳು. ಇದು ಕೊಲೆಯಲ್ಲವೇ ಎಂದು ಕೇಳುವ ಸಭ್ಯರು ಇದ್ದಾರೆ. ಅಂಥವರು ಒಂಬತ್ತು ವರ್ಷ ಕಳ್ಳನ ಹೆಂಡತಿಯಾಗಿ ಬದುಕಿ, ಆಮೇಲೆ ಬಂದು ನನ್ನ ಹತ್ತಿರ ಮಾತಾಡಲಿ.

ಎರಡು ದಿನ ಬೇವಿನ ತೊಪ್ಪಲು ಕಟ್ಟಿದ ಹಗ್ಗವನ್ನು ಮೇಲೆ ಕೆಳಗೆ ಆಡಿಸಿ ಗಾಳಿ ತಿರುವಿದರು. ಮೂರನೆಯ ದಿನ ದೀಪ ನಿಂತಿತು. ಇಳಿದವರು ಮೊದಲು ಮೇಲೆ ತಂದದ್ದು ಒಡೆದ ತಲೆಬುರುಡೆ, ನಡುವಿನ ಎಲುಬಿಗೆ ಸುತ್ತಿಕೊಂಡಿದ್ದ ಮಾಯಪ್ಪನ ಬೆಳ್ಳಿಯ ಉಡದಾರ. ಪಂಚರಲ್ಲಿ ಹಿರಿಯನಾದವನು ಪೇಟ ತೆಗೆದು, "ಮಾಯಪ್ಪ ಕಳ್ಳ ಅಲ್ಲವ್ವಾ, ಊರೇ ತಪ್ಪು ಮಾಡೇತಿ" ಎಂದ. ಆಗ ನಿಂಬೆವ್ವ ಹಗೇವಿನ ಕಲ್ಲಿಗೆ ಎರಡೂ ಕೈ ಬಡಿದು ಬಳೆ ಒಡೆದುಕೊಂಡಳು. ಅವಳ ಕೂಗಿಗೆ ಹೊಲದಲ್ಲಿದ್ದ ಎತ್ತುಗಳು ನಿಂತವು ಎನ್ನುತ್ತಾರೆ. ದಿಬ್ಬಕ್ಕೆ ಹೆಸರು ಬಂದದ್ದು ಆ ಹೊತ್ತಿನಿಂದ.

ಗೌಡನ ಮಕ್ಕಳು ತಂದೆಯ ಹೆಣ ಎತ್ತಲು ಬಂದರೆ ಅವಳು ಬಾಯಿಗೆ ಅಡ್ಡ ಕುಳಿತಳು. "ನನ್ನ ಗಂಡ ಒಂಬತ್ತು ವರ್ಷ ಇದ್ದ. ನಿಮ್ಮಪ್ಪನೂ ಒಂಬತ್ತು ವರ್ಷ ಇರಲಿ. ಆಮ್ಯಾಲೆ ಬಂದು ಕೇಳ್ರಿ, ನಾನೇ ತಗದು ಕೊಡ್ತೀನಿ" ಎಂದಳು. ದೈವ ಹೌದೆಂದಿತು. ಅವಳು ಒಣ ಹೊಟ್ಟು ಹಾಸಿ, ಕಲ್ಲಿಟ್ಟು, ಒಣಮಣ್ಣು ಬಡಿದು, ಒಂದು ಹನಿ ನೀರೂ ಇಳಿಯದಂತೆ ಮೆತ್ತಿದಳು. ಒಂಬತ್ತನೆಯ ವರ್ಷ ಮಕ್ಕಳು ಬಂದಾಗ ನಿಂಬೆವ್ವ ತೀರಿಕೊಂಡು ಆರು ತಿಂಗಳಾಗಿತ್ತು. ಅವಳು ತೆಗೆದು ಕೊಡಬೇಕಾದ್ದನ್ನು ಮುಟ್ಟುವ ಧೈರ್ಯ ಬೇರೆ ಯಾರಿಗೂ ಬರಲಿಲ್ಲ.

ಯುಗಾದಿಯ ಮರುದಿನ ದಿಬ್ಬಕ್ಕೆ ಹೋದರೆ ನೀವೂ ನೋಡಬಹುದು. ಆ ಗೌಡರ ಮನೆತನದವರು ಈಗಲೂ ಬರುತ್ತಾರೆ. ಮುಚ್ಚಿದ ಒಂದು ಬಾಯಿಯ ಮುಂದೆ ಕಾಯಿ ಒಡೆದು, "ತಗೀಲೇನವ್ವಾ?" ಎಂದು ಕೇಳಿ, ಸ್ವಲ್ಪ ಹೊತ್ತು ಕಾದು ನಿಂತು, ಹಾಗೆಯೇ ಮನೆಗೆ ಹೋಗುತ್ತಾರೆ.